ಗಾಳಿಯ ಅಳತೆಗೆ ಬಟ್ಟೆ ಹೊಲಿಯುವವರು

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಸ್ಟಿಕ್ ಎಂಬ ಪುಟ್ಟ ಬಂದರು ಊರಿನಲ್ಲಿ ಮೂರಂತಸ್ತಿನ ಹಳೆಯ ಮರದ ಕಟ್ಟಡವೊಂದಿದೆ. ಅದರ ಮೇಲಂತಸ್ತು ಹತ್ತಿದವರನ್ನು ಅಚ್ಚರಿಗೊಳಿಸುವುದು ಅಲ್ಲಿನ ಒಲೆ. ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡುವ ಕಬ್ಬಿಣದ ಒಲೆಯದು. ಆದರೆ ಅದನ್ನು ನೆಲದ ಮೇಲೆ ಇಟ್ಟಿಲ್ಲ, ಸೂರಿನಿಂದ ತೂಗುಹಾಕಿದ್ದಾರೆ. ಕಾರಣ ಇಷ್ಟೇ: ಈ ಕೋಣೆಯಲ್ಲಿ ಕೆಲಸ ನಡೆಯುವುದೇ ನೆಲದ ಮೇಲೆ. ಹಡಗಿನ ಹಾಯಿಯನ್ನು ಪೂರ್ತಿ ಹಾಸಿ, ಅಳೆದು, ಕತ್ತರಿಸಬೇಕಾದರೆ ಒಲೆಯ ಕಾಲುಗಳೂ ಅಡ್ಡ ಬರಬಾರದು.

ಇದು ಚಾರ್ಲ್ಸ್ ಮಲೋರಿಯ ಹಾಯಿ ಅಟ್ಟ. ಇಂಗ್ಲಿಷಿನಲ್ಲಿ ‘ಸೇಲ್ ಲಾಫ್ಟ್’ ಎನ್ನುತ್ತಾರೆ. ಇಪ್ಪತ್ತರ ಹರೆಯದ ಮಲೋರಿ ಮಿಸ್ಟಿಕ್ಕಿಗೆ ಬಂದದ್ದು 1816ರಲ್ಲಿ. ಹಾಯಿ ಹೊಲಿಯುವ ಕಸುಬು ಬಿಟ್ಟರೆ ಅವನ ಬಳಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಹೊಲಿದು ಗಳಿಸಿದ ದುಡ್ಡನ್ನು ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ತೊಡಗಿಸಿ, ಮುಂದೆ ಹಡಗುಗಳ ಒಡೆಯನೇ ಆದ. ಅವನ ಮಗ ಚಾರ್ಲ್ಸ್ ಹೆನ್ರಿ ಕಟ್ಟಿದ್ದು ಉಗಿಹಡಗುಗಳ ಕಂಪನಿ. ಹಾಯಿಯಿಂದ ಬಂದ ಹಣ ಹಾಯಿಯನ್ನೇ ಮೂಲೆಗೆ ತಳ್ಳುವ ಯಂತ್ರಕ್ಕೆ ಹೋಯಿತು. ಅಟ್ಟ ಮಾತ್ರ ಉಳಿಯಿತು. 1951ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ದೋಣಿಯ ಮೇಲೇರಿಸಿ ನದಿಯಲ್ಲಿ ತೇಲಿಸಿಕೊಂಡು ಮಿಸ್ಟಿಕ್ ಸೀಪೋರ್ಟ್ ವಸ್ತುಸಂಗ್ರಹಾಲಯಕ್ಕೆ ತಂದರು. ಕೆಳಗೆ ಹಡಗಿನ ಸಾಮಾನಿನ ಅಂಗಡಿ, ನಡುವೆ ಹಗ್ಗದ ಕೆಲಸ, ಮೇಲೆ ಹಾಯಿ ಎಂಬ ಹಳೆಯ ಕ್ರಮ ಅಲ್ಲಿ ಇಂದಿಗೂ ಹಾಗೇ ಇದೆ.

ಇಂಥ ಅಟ್ಟಗಳು ಹಿಂದೆ ಪ್ರತಿ ಬಂದರಿನಲ್ಲೂ ಇದ್ದವು. ಈಗ ಅಲ್ಲೊಂದು ಇಲ್ಲೊಂದು. ಹಾಗಂತ ಅವು ವಸ್ತುಸಂಗ್ರಹಾಲಯಕ್ಕೆ ಮಾತ್ರ ಸೀಮಿತವಾಗಿಲ್ಲ. ನಾಲ್ಕಾರು ಜನ, ಒಂದೆರಡು ದೊಡ್ಡ ಹೊಲಿಗೆಯಂತ್ರ, ಒಂದು ವಿಶಾಲವಾದ ಮರದ ನೆಲ ಇಷ್ಟನ್ನೇ ಇಟ್ಟುಕೊಂಡು ಬದುಕುತ್ತಿರುವ ಅಟ್ಟಗಳು ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಇವೆ. ಅವುಗಳ ಒಳಗೆ ನಡೆಯುವುದೇನು?

ಚಪ್ಪಟೆ ಬಟ್ಟೆಯಲ್ಲಿ ಹೊಟ್ಟೆ

ಹಾಯಿ ಎಂದರೆ ಗಾಳಿಯನ್ನು ತಡೆದು ಹಿಡಿಯುವ ಬಟ್ಟೆ ಎಂದು ನಾವು ಅಂದುಕೊಂಡಿರುತ್ತೇವೆ. ಗಾಳಿ ಬೆನ್ನ ಹಿಂದಿನಿಂದ ಬೀಸುವಾಗ ಅದು ನಿಜವೂ ಹೌದು. ಗಾಳಿ ಎದುರಿಗೆ ಓರೆಯಾಗಿ ಬಂದರೆ ಕಥೆಯೇ ಬೇರೆ. ಆಗ ಹಾಯಿ ವಿಮಾನದ ರೆಕ್ಕೆಯ ಕೆಲಸ ಮಾಡುತ್ತದೆ. ಉಬ್ಬಿದ ಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ದೋಣಿಯನ್ನು ಮುಂದಕ್ಕೆಳೆಯುತ್ತದೆ. ತ್ರಿಕೋನ ಹಾಯಿಯ ದೋಣಿ ಗಾಳಿಗೆ ಸುಮಾರು 45 ಡಿಗ್ರಿಯಷ್ಟು ಹತ್ತಿರದವರೆಗೂ ಸಾಗಬಲ್ಲದು. ಅದಕ್ಕೆ ಹಾಯಿಯ ಉಬ್ಬು ಸರಿಯಾದ ಆಳದಲ್ಲಿ, ಸರಿಯಾದ ಜಾಗದಲ್ಲಿ ಇರಬೇಕು. ಸಾಮಾನ್ಯವಾಗಿ ಮುಂದಿನಂಚಿನಿಂದ ಅರ್ಧಕ್ಕಿಂತ ತುಸು ಈಚೆಗೆ. ಉಬ್ಬು ಹಿಂದಕ್ಕೆ ಸರಿದರೆ ದೋಣಿ ವಾಲುವುದು ಹೆಚ್ಚುತ್ತದೆ, ಓಡುವುದು ತಗ್ಗುತ್ತದೆ.

ಮಗ್ಗದಿಂದ ಬಂದ ಥಾನು ಚಪ್ಪಟೆ. ಅದಕ್ಕೆ ಹೊಟ್ಟೆ ಬರಿಸುವುದು ಹೇಗೆ? ಹಾಯಿಯನ್ನು ಅನೇಕ ಪಟ್ಟಿಗಳಾಗಿ ಕತ್ತರಿಸಿ ಜೋಡಿಸುತ್ತಾರೆ. ಪಟ್ಟಿಗಳ ಅಂಚನ್ನು ನೇರವಾಗಿ ಬಿಡದೆ ತುದಿಗಳಲ್ಲಿ ಕೂದಲೆಳೆಯಷ್ಟು ಬಾಗಿಸಿ ಕತ್ತರಿಸುತ್ತಾರೆ. ಎರಡು ಬಾಗಿದ ಅಂಚುಗಳನ್ನು ಸೇರಿಸಿ ಹೊಲಿದಾಗ ರವಿಕೆಗೆ ಟಕ್ಸ್ ಹಿಡಿದಂತೆ ಬಟ್ಟೆ ತಾನಾಗಿ ಉಬ್ಬುತ್ತದೆ. ಇದರ ಜೊತೆಗೆ ಕೂವೆಮರಕ್ಕೆ ತಾಗುವ ಅಂಚನ್ನು ಸ್ವಲ್ಪ ಹೊರಗೆ ಬಾಗಿಸಿ ಕತ್ತರಿಸುತ್ತಾರೆ. ಬಾಗಿದ ಆ ಅಂಚನ್ನು ನೇರ ಮರಕ್ಕೆ ಕಟ್ಟಿದಾಗ ಹೆಚ್ಚಿನ ಬಟ್ಟೆ ಒಳಕ್ಕೆ ಸರಿದು ಉಬ್ಬಿಗೆ ಸೇರಿಕೊಳ್ಳುತ್ತದೆ. ಎಷ್ಟು ಬಾಗಿಸಬೇಕು ಎಂಬುದರಲ್ಲಿಯೇ ಕಸುಬುದಾರನ ಬೆಲೆ. ಮರ ಎಷ್ಟು ಬಳುಕುತ್ತದೆ, ಬಟ್ಟೆ ಎಷ್ಟು ಹಿಗ್ಗುತ್ತದೆ, ದೋಣಿ ಎಂಥ ಗಾಳಿಯಲ್ಲಿ ಓಡುತ್ತದೆ, ಓಡಿಸುವವರು ಪಂದ್ಯದವರೋ ಸಂಸಾರಸ್ಥರೋ ಎಲ್ಲವೂ ಆ ಬಾಗಿನ ಲೆಕ್ಕಕ್ಕೆ ಬರುತ್ತವೆ.

ಹಳೆಯ ಕ್ರಮದಲ್ಲಿ ಈ ಲೆಕ್ಕ ನಡೆಯುವುದು ನೆಲದ ಮೇಲೆ. ಹಾಯಿಯ ಮೂರು ಮೂಲೆಗಳಿಗೆ ಮೊನೆ ಚುಚ್ಚಿ, ದಾರ ಎಳೆದು, ತೆಳು ಮರದ ಪಟ್ಟಿಯನ್ನು ಬಾಗಿಸಿ ಗೆರೆ ಹಾಕುತ್ತಾರೆ. ಮೊಣಕಾಲಿನ ಮೇಲೆ ಕೂತು, ತೆವಳಿ, ಮತ್ತೆ ಎದ್ದು ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದರೆ ಗೆರೆ ಎಲ್ಲಿ ತಪ್ಪಿದೆ ಎಂದು ತಿಳಿಯುತ್ತದೆ. ಚಪ್ಪಲಿ, ಬೂಟು ಬಾಗಿಲ ಹೊರಗೆ. ಹೊಲಿಗೆಯಂತ್ರದವರು ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕೂರುತ್ತಾರೆ. ಯಂತ್ರದ ಹಲಗೆ ನೆಲಕ್ಕೆ ಸಮನಾಗಿರುತ್ತದೆ, ಭಾರದ ಹಾಯಿಯನ್ನು ಎತ್ತಬೇಕಿಲ್ಲ, ಜಾರಿಸಿದರೆ ಸಾಕು. ಈಗ ಆಕಾರವನ್ನು ಕಂಪ್ಯೂಟರು ಲೆಕ್ಕ ಹಾಕುತ್ತದೆ, ಪಟ್ಟಿಗಳನ್ನು ಯಂತ್ರ ಕತ್ತರಿಸುತ್ತದೆ. ಅಷ್ಟಾದರೂ ಜೋಡಿಸಿ ಮುಗಿಸಲು ಇದೇ ನೆಲ ಬೇಕು.

ದಬ್ಬಣ, ಮೇಣ, ಅಂಗೈ ಪಟ್ಟಿ

ಕೈಕೆಲಸದ ಉಪಕರಣಗಳು ಇನ್ನೂರು ವರ್ಷಗಳಲ್ಲಿ ಬದಲಾದದ್ದು ಬಹಳ ಕಡಿಮೆ. ಮೊದಲನೆಯದು ‘ಪಾಮ್’. ಅಂಗೈಗೆ ಸುತ್ತಿಕೊಳ್ಳುವ ತೊಗಲಿನ ಪಟ್ಟಿ ಇದು. ಹೆಬ್ಬೆರಳ ಬುಡದಲ್ಲಿ ಸಣ್ಣ ಗುಳಿಗಳಿರುವ ಲೋಹದ ಬಿಲ್ಲೆ ಕೂರಿಸಿರುತ್ತದೆ. ದಬ್ಬಣದ ಹಿಂಬದಿಯನ್ನು ಆ ಗುಳಿಗೆ ಒತ್ತಿ, ಬೆರಳಿನ ಬದಲು ಇಡೀ ತೋಳಿನ ಬಲದಿಂದ ನೂಕುತ್ತಾರೆ. ದಬ್ಬಣದ ಮೊನೆ ದುಂಡಗಿಲ್ಲ, ಮುಮ್ಮೂಲೆ. ದಾರಕ್ಕೆ ಜೇನುಮೇಣ. ಕೂರಲು ಉದ್ದದ ತಗ್ಗು ಬೆಂಚು, ಅದರ ತುದಿಯಲ್ಲಿ ಉಪಕರಣ ಸಿಕ್ಕಿಸಿಡಲು ತೂತುಗಳು. ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಲು ಹಗ್ಗ ಕಟ್ಟಿದ ಕೊಕ್ಕೆಯೊಂದು ಇರುತ್ತದೆ. ಮೂರನೆಯ ಕೈ ಅದು.

ಹೊಲಿಗೆಗೆ ಲೆಕ್ಕವಿತ್ತು. 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಡೇವಿಡ್ ಸ್ಟೀಲ್ ಪ್ರಕಟಿಸಿದ ಕೈಪಿಡಿಯ ಪ್ರಕಾರ ಒಂದು ಗಜ ಉದ್ದಕ್ಕೆ 108ರಿಂದ 116 ಹೊಲಿಗೆ. ಎಂದರೆ ಅಂಗುಲಕ್ಕೆ ಮೂರು. ಪಟ್ಟಿಗಳ ಅಂಚು ಒಂದರ ಮೇಲೊಂದು ಬರುವುದರಿಂದ ಪ್ರತಿ ಜೋಡಣೆಗೂ ಎರಡು ಸಾಲು. ಇದರ ಅರ್ಥ ತಿಳಿಯಬೇಕಾದರೆ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ಗೆ ಹೋಗಬೇಕು. 1805ರ ಟ್ರಫಾಲ್ಗರ್ ಯುದ್ಧದಲ್ಲಿ ಬ್ರಿಟನ್ನಿನ ನೌಕಾ ಸೇನಾಪತಿ ನೆಲ್ಸನ್ನನ ‘ವಿಕ್ಟರಿ’ ಹಡಗಿಗೆ ಕಟ್ಟಿದ್ದ ಹಾಯಿಗಳಲ್ಲಿ ಒಂದೇ ಒಂದು ಉಳಿದುಕೊಂಡಿದ್ದು, ಅಲ್ಲಿದೆ. ಚಾಥಮ್ ನೌಕಾಕಟ್ಟೆಯ ಅಟ್ಟದಲ್ಲಿ ಕೈಯಿಂದ ಹೊಲಿದ ಹಾಯಿ ಅದು. ವಿಸ್ತೀರ್ಣ 3,618 ಚದರ ಅಡಿ, ಗುಂಡು ತೂರಿದ ತೂತುಗಳು ಸುಮಾರು 90. ಆ ಕಾಲದ ನೌಕಾ ಕ್ಯಾನ್ವಾಸಿನ ಅಗಲ ಎರಡು ಅಡಿ. ಸ್ಟೀಲ್‌ನ ಲೆಕ್ಕವನ್ನು ಈ ಅಳತೆಗೆ ಹಾಕಿ ನೋಡಿದರೆ ಒಂದು ಹಾಯಿಯ ಜೋಡಣೆಗೇ ಒಂದು ಲಕ್ಷಕ್ಕೂ ಮೀರಿದ ಹೊಲಿಗೆ ಬೀಳುತ್ತದೆ. ಅಂಚಿನ ಹಗ್ಗ, ಮೂಲೆಯ ತೇಪೆಗಳದ್ದು ಬೇರೆ.

ಅಂಚಿನ ಹಗ್ಗದ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು. ಗಾಳಿಯ ಎಳೆತವನ್ನು ಬಟ್ಟೆಯ ಬದಲು ಹಗ್ಗ ಹೊರಬೇಕು. ಅದಕ್ಕಾಗಿ ಪ್ರತಿ ಹೊಲಿಗೆಯಲ್ಲೂ ಹಗ್ಗಕ್ಕಿಂತ ಎಳ್ಳಷ್ಟು ಹೆಚ್ಚು ಬಟ್ಟೆ ಸೇರಿಸಿಕೊಳ್ಳುತ್ತ ಹೋಗಬೇಕು. ಹೆಚ್ಚಾದರೆ ಅಂಚು ಸುಕ್ಕು, ಕಡಿಮೆಯಾದರೆ ಬಟ್ಟೆ ಹರಿಯುತ್ತದೆ. ಈ ಹಗ್ಗವನ್ನು ತ್ರಿಕೋನ ಹಾಯಿಗಳಲ್ಲಿ ಯಾವಾಗಲೂ ಎಡಬದಿಗೆ, ಚೌಕ ಹಾಯಿಗಳಲ್ಲಿ ಹಿಂಬದಿಗೆ ಹೊಲಿಯುತ್ತಾರೆ. ಅಮಾವಾಸ್ಯೆಯ ಕತ್ತಲಲ್ಲಿ, ಮಳೆಯಲ್ಲಿ, ನಾವಿಕ ಕೈಯಾಡಿಸಿದರೆ ಸಾಕು, ಹಾಯಿಯ ಯಾವ ಮಗ್ಗುಲು ಯಾವುದೆಂದು ಗೊತ್ತಾಗುತ್ತದೆ. ಬೆಳಕಿರುವ ಅಟ್ಟದಲ್ಲಿ ಕೂತು ಹೊಲಿಯುವವರಿಗೆ ಕತ್ತಲ ಕಡಲಿನ ಚಿಂತೆ ಇರಬೇಕು ಎಂಬುದು ಈ ಕಸುಬಿನ ಮೊದಲ ಪಾಠ.

ಅಗಸೆ, ಹತ್ತಿ, ಪಾಲಿಯೆಸ್ಟರ್

ಯುರೋಪಿನ ಹಾಯಿ ಶತಮಾನಗಳ ಕಾಲ ಅಗಸೆ ನಾರಿನದು. ಗಟ್ಟಿ ಹೌದು, ಆದರೆ ಜೋಲು ಬೀಳುತ್ತಿತ್ತು. ಎಳೆಗಳ ನಡುವಿನ ಸಂದು ಮುಚ್ಚಲೆಂದು ಪಂದ್ಯದ ದೋಣಿಯವರು ಹಾಯಿಗೆ ನೀರೆರಚುತ್ತಿದ್ದರು. 1851ರ ಆಗಸ್ಟ್ 22ರಂದು ಇಂಗ್ಲೆಂಡಿನ ವೈಟ್ ದ್ವೀಪದ ಸುತ್ತ ನಡೆದ ಪಂದ್ಯದಲ್ಲಿ ‘ಅಮೆರಿಕ’ ಎಂಬ ಹೆಸರಿನ ಹಡಗು ಬ್ರಿಟಿಷರನ್ನು ಸೋಲಿಸಿತು. ಅಮೆರಿಕಾಸ್ ಕಪ್ ಎಂಬ ಪಂದ್ಯದ ಮೂಲ ಅದೇ. ಆ ಹಡಗಿನ ಒಡಲಿನಷ್ಟೇ ಅದರ ಹಾಯಿಯೂ ಜನರ ಬಾಯಲ್ಲಿತ್ತು. ಯಂತ್ರದ ಮಗ್ಗದಲ್ಲಿ ಒತ್ತಾಗಿ ನೇಯ್ದ ಅಮೆರಿಕದ ಹತ್ತಿಯ ಹಾಯಿ ಅದು. ಅಗಸೆಯ ಹಾಯಿಯಂತೆ ಜೋಲದೆ ಬಿಗಿಯಾಗಿ ನಿಲ್ಲುತ್ತಿತ್ತು. ಇಂಗ್ಲೆಂಡಿನ ಅಟ್ಟಗಳು ಆ ಸೋಲಿನಿಂದ ಪಾಠ ಕಲಿತವು.

ಹತ್ತಿಗೆ ಅದರದೇ ಕಾಟ. ಹೊಸ ಹಾಯಿಯನ್ನು ಮೊದಲ ಕೆಲವು ದಿನ ಎಳೆಗಾಳಿಯಲ್ಲಿ ಮೆಲ್ಲಗೆ ಪಳಗಿಸಬೇಕು, ಇಲ್ಲದಿದ್ದರೆ ಆಕಾರ ಶಾಶ್ವತವಾಗಿ ಕೆಡುತ್ತದೆ. ಒದ್ದೆ ಮಡಚಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಇದಕ್ಕೆ ಬ್ರಿಟನ್ನಿನ ಮೀನುಗಾರರು ಕಂಡುಕೊಂಡ ಮದ್ದು ನಮಗೆ ಪರಿಚಿತವಾದದ್ದೇ. ಖೈರದ ಮರದ ತಿರುಳು ಕುದಿಸಿ ತೆಗೆದ ಕಾಚು, ನಾವು ಎಲೆಯಡಿಕೆಗೆ ಹಾಕಿಕೊಳ್ಳುವ ಅದೇ ಕಾಚು, ಬರ್ಮಾ ಮತ್ತು ಭಾರತದಿಂದ ಹಡಗಿನಲ್ಲಿ ಅಲ್ಲಿಗೆ ಹೋಗುತ್ತಿತ್ತು. ಅದನ್ನು ನೀರಿನಲ್ಲಿ ಕುದಿಸಿ ಬಲೆಯನ್ನೂ ಹಾಯಿಯನ್ನೂ ಅದ್ದುತ್ತಿದ್ದರು. ಆ ಕಾಲದ ಚಿತ್ರಗಳಲ್ಲಿ ಕಾಣುವ ಕಂದುಗೆಂಪು ಹಾಯಿಗಳ ಬಣ್ಣ ಅಂದಕ್ಕಾಗಿ ಹಾಕಿದ್ದಲ್ಲ, ಕೊಳೆಯದಿರಲಿ ಎಂದು.

1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ನೂಲನ್ನು ಕಂಡುಹಿಡಿದರು. 1950ರ ದಶಕದಲ್ಲಿ ಅದು ಹಾಯಿಗೆ ಬಂತು. ಮಸಾಚುಸೆಟ್ಸಿನ ಮಾರ್ಬಲ್‌ಹೆಡ್‌ನಲ್ಲಿ ಟೆಡ್ ಹುಡ್ ಎಂಬಾತ ತನಗೆ ಬೇಕಾದ ಬಟ್ಟೆಯನ್ನು ತಾನೇ ನೇಯಿಸತೊಡಗಿದ. ಪಾಲಿಯೆಸ್ಟರ್ ಕೊಳೆಯುವುದಿಲ್ಲ, ಅಷ್ಟಾಗಿ ಹಿಗ್ಗುವುದೂ ಇಲ್ಲ. ಅದರ ಶತ್ರು ಬಿಸಿಲು. ಜೊತೆಗೆ ಇನ್ನೊಂದು ತೊಡಕು: ಹತ್ತಿಯ ಕ್ಯಾನ್ವಾಸು ಮೆತ್ತಗಿದ್ದುದರಿಂದ ಹೊಲಿಗೆಯ ದಾರ ಅದರೊಳಗೆ ಹುದುಗಿ ಸುರಕ್ಷಿತವಾಗಿರುತ್ತಿತ್ತು. ಪಾಲಿಯೆಸ್ಟರ್ ಬಟ್ಟೆ ಗಡಸು, ದಾರ ಮೇಲೆಯೇ ನಿಲ್ಲುತ್ತದೆ. ಬಿಸಿಲಿಗೆ ಸುಡುವುದೂ, ಹಗ್ಗಕ್ಕೆ ಮರಕ್ಕೆ ಉಜ್ಜಿ ಸವೆಯುವುದೂ ಅದೇ ಮೊದಲು. ಬಟ್ಟೆ ಇನ್ನೂ ಗಟ್ಟಿಯಾಗಿರುವಾಗಲೇ ಹೊಲಿಗೆ ಸಾಯುತ್ತದೆ. ಸಣ್ಣ ಅಟ್ಟಗಳನ್ನು ಇಂದಿಗೂ ಬದುಕಿಸಿರುವುದು ಈ ಒಂದು ಸಂಗತಿ.

ರಿಪೇರಿಯೇ ಅನ್ನ

ದೋಣಿಗಳು ನೀರಿನಿಂದ ಮೇಲೆ ಬರುವ ಶರತ್ಕಾಲದಲ್ಲಿ ಅಟ್ಟಕ್ಕೆ ಹಾಯಿಚೀಲಗಳು ಬರತೊಡಗುತ್ತವೆ. ಚಳಿಗಾಲವೆಲ್ಲ ಅವುಗಳ ಆರೈಕೆ. ಮೊದಲು ಸಿಹಿನೀರಿನಲ್ಲಿ ತೊಳೆದು ಉಪ್ಪು ಬಿಡಿಸಬೇಕು. ಉಪ್ಪು ಉಳಿದರೆ ತೇವ ಹೀರುತ್ತದೆ, ಹರಳು ಎಳೆಗಳನ್ನು ಉಜ್ಜುತ್ತದೆ. ಆಮೇಲೆ ನೆಲದ ಮೇಲೆ ಹಾಸಿ ಒಂದೊಂದೇ ಜೋಡಣೆಯನ್ನು ಪರೀಕ್ಷಿಸುತ್ತಾರೆ. ಪರೀಕ್ಷೆಗೆ ಯಂತ್ರ ಬೇಡ: ದಬ್ಬಣದ ಮೊನೆಯಲ್ಲಿ ದಾರವನ್ನು ಮೀಟುತ್ತಾರೆ. ಸುಲಭಕ್ಕೆ ತುಂಡಾದರೆ ಆ ಸಾಲು ಪೂರ್ತಿ ಹೊಸದಾಗಿ ಹೊಲಿಯಬೇಕು. ಕೂವೆಮರದ ಅಡ್ಡ ತೋಳುಗಳಿಗೆ ಹಾಯಿ ಉಜ್ಜುವ ಕಡೆ ತೇಪೆ, ಮೂಲೆಯ ಬಳೆಗಳ ಸುತ್ತ ಸವೆದ ತೊಗಲಿಗೆ ಹೊಸ ತೊಗಲು, ಹರಿದಲ್ಲಿ ಒಳಗಿನಿಂದ ಹೊರಗಿನಿಂದ ತುಂಡು. ಬಟ್ಟೆಯನ್ನೇ ಕೈಯಲ್ಲಿ ಹರಿಯಲು ಬಂದರೆ ಆಗ ಮಾತ್ರ ‘ಇನ್ನು ಪ್ರಯೋಜನವಿಲ್ಲ, ಹೊಸದು ಹಾಕಿಸಿ’ ಎಂದು ಹೇಳುತ್ತಾರೆ. ವಸಂತ ಬಂತೆಂದರೆ ಎಲ್ಲರಿಗೂ ತಮ್ಮ ಹಾಯಿ ಮೊದಲು ಬೇಕು.

ಯಂತ್ರದ ಹೊಲಿಗೆ ಅಂಕುಡೊಂಕು. ಜಗ್ಗಿದಾಗ ಅದಕ್ಕೆ ಸ್ವಲ್ಪ ಹಿಗ್ಗುವ ಅವಕಾಶವಿರುತ್ತದೆ, ನೇರ ಹೊಲಿಗೆಯಾದರೆ ಪಟ್ಟನೆ ಕಡಿಯುತ್ತದೆ. ಸಾಗರ ದಾಟುವ ದೋಣಿಗಳಿಗೆ ಎರಡರ ಬದಲು ಮೂರು ಸಾಲು ಹಾಕುವುದುಂಟು. ಮೂಲೆಯ ಹಿತ್ತಾಳೆ ಬಳೆಯನ್ನು ಯಂತ್ರದಿಂದ ಒತ್ತಿ ಕೂರಿಸುವುದು ನಿಮಿಷದ ಕೆಲಸ. ಅದನ್ನು ಕೈಯಿಂದ ಹೊಲಿದು ಕೂರಿಸುವುದು ನಿಧಾನ, ಆದರೆ ಅಂಥದ್ದು ಕಿತ್ತುಬರುವುದು ಅಪರೂಪ. ಕರಾವಳಿಯಿಂದ ಸಾವಿರ ಮೈಲಿ ದೂರದಲ್ಲಿ ಮೂಲೆ ಕಿತ್ತರೆ ಹೊಲಿಯಲು ಅಲ್ಲಿ ಯಾರೂ ಇರುವುದಿಲ್ಲ. ಗಿರಾಕಿ ಆ ನಿಧಾನಕ್ಕೆ ದುಡ್ಡು ಕೊಡುವುದು ಇದಕ್ಕೇ.

ಹಳೆಯ ಹಡಗುಗಳಲ್ಲಾದರೆ ಅಲ್ಲೂ ಒಬ್ಬನಿರುತ್ತಿದ್ದ. ಹಾಯಿ ಹೊಲಿಯುವವನು ಹಡಗಿನ ಕಾಯಂ ಸಿಬ್ಬಂದಿ. ರಾತ್ರಿ ಪಾಳಿಯಿಂದ ಸಾಮಾನ್ಯವಾಗಿ ಅವನಿಗೆ ವಿನಾಯಿತಿ. ಹಡಗಿನಲ್ಲಿ ಯಾರಾದರೂ ಸತ್ತರೆ ಶವವನ್ನು ಕ್ಯಾನ್ವಾಸಿನಲ್ಲಿ ಸುತ್ತಿ ಹೊಲಿದು ಕಡಲಿಗೆ ಒಪ್ಪಿಸುವಂತೆ ಮಾಡುವುದೂ ಅವನದೇ ಪಾಲಿನ ಕೆಲಸ.

ಇಂದು ಹೊಲಿಯುವವರು

ಈಸ್ಟ್ ಬೂತ್‌ಬೇ ಎಂಬುದು ಮೇನ್ ರಾಜ್ಯದ ಸಣ್ಣ ಊರು. ಅಲ್ಲಿ ನಥಾನಿಯಲ್ ವಿಲ್ಸನ್ ನಡೆಸಿದ ಅಟ್ಟ ಪಂದ್ಯದ ದೋಣಿಗಳಿಗಿಂತ ಹಳೆಯ ಹಡಗುಗಳಿಗೆ ಹೆಸರಾದದ್ದು. 1997ರಲ್ಲಿ ಅಮೆರಿಕ ನೌಕಾಪಡೆಯ ‘ಕಾನ್‌ಸ್ಟಿಟ್ಯೂಷನ್’ 116 ವರ್ಷಗಳ ಬಳಿಕ ತನ್ನದೇ ಹಾಯಿಗಳಲ್ಲಿ ಸಾಗಿದಾಗ ಅವು ವಿಲ್ಸನ್ ಅಟ್ಟದವು. ಮಿಸ್ಟಿಕ್‌ನಲ್ಲಿ ತಂಗಿರುವ ‘ಚಾರ್ಲ್ಸ್ ಡಬ್ಲ್ಯು. ಮಾರ್ಗನ್’ 1841ರ ತಿಮಿಂಗಿಲ ಬೇಟೆಯ ಹಡಗು. 80 ವರ್ಷಗಳಲ್ಲಿ 37 ಯಾನ ಮುಗಿಸಿ 1921ರಲ್ಲಿ ನಿವೃತ್ತಿಯಾಗಿತ್ತು. ದುರಸ್ತಿ ಮಾಡಿ 2014ರ ಬೇಸಿಗೆಯಲ್ಲಿ ಅದನ್ನು 38ನೆಯ ಯಾನಕ್ಕೆ ಇಳಿಸಿದಾಗಲೂ ಹಾಯಿ ಅದೇ ಅಟ್ಟದಿಂದ ಬಂತು. ನೋಡಲು ಹಳೆಯ ಕ್ಯಾನ್ವಾಸಿನಂತೆಯೇ ಇರುವ ಪಾಲಿಯೆಸ್ಟರ್ ಬಟ್ಟೆ ಬಳಸಿದ್ದರು. ಹಳೆಯದನ್ನು ಉಳಿಸುವವರು ಹೊಸ ನೂಲಿಗೆ ಹೆದರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ದೇಶದ ಇನ್ನೊಂದು ಅಂಚಿನಲ್ಲಿ, ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್‌ಸೆಂಡ್‌ನಲ್ಲಿ, ಕ್ಯಾರಲ್ ಹ್ಯಾಸಿ 1978ರಲ್ಲಿ ಅಟ್ಟ ತೆರೆದರು. ದೂರಯಾನದ ದೋಣಿಗಳಿಗೆ ಗಟ್ಟಿ ಹಾಯಿ, ಕೈಯಿಂದ ಮುಗಿಸಿದ ಮೂಲೆಗಳು ಎಂಬುದು ಅದರ ಹೆಗ್ಗುರುತು. ಅಲ್ಲಿ ದುಡಿದವರಲ್ಲಿ ಹೆಂಗಸರದೇ ಮೇಲುಗೈ. ಗಂಡಸರ ಕೋಟೆ ಎನಿಸಿಕೊಂಡಿದ್ದ ಕಸುಬು ಇದು. ಆದರೆ ಹಿಂದೆ ಚಾಥಮ್‌ನಲ್ಲೂ ನೌಕಾಪಡೆಯ ಬಾವುಟಗಳನ್ನು ಹೊಲಿಯುತ್ತಿದ್ದವರು ಹೆಂಗಸರೇ.

ಉಳಿದ ಜಗತ್ತು ಬೇರೆ ದಾರಿ ಹಿಡಿದಿದೆ. 1957ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಲೋವೆಲ್ ನಾರ್ತ್ ಶುರುಮಾಡಿದ ನಾರ್ತ್ ಸೇಲ್ಸ್ ಈಗ ಜಾಗತಿಕ ಕಂಪನಿ. ಅದರ ದುಬಾರಿ ಹಾಯಿಗಳಲ್ಲಿ ಪಟ್ಟಿಗಳೇ ಇಲ್ಲ. ಹಾಯಿಯ ಆಕಾರದ ದೊಡ್ಡ ಅಚ್ಚಿನ ಮೇಲೆ ಎಳೆಗಳನ್ನು ಹರಡಿ, ಬಿಸಿ ಮಾಡಿ ಅಂಟಿಸುತ್ತಾರೆ. ಆ ಕೆಲಸ ನಡೆಯುವುದು ಕಡಲೇ ಕಾಣದ ನೆವಾಡದ ಮಿಂಡನ್ ಎಂಬ ಊರಿನಲ್ಲಿ. ಇನ್ನೊಂದಷ್ಟು ಹಾಯಿಗಳು ಶ್ರೀಲಂಕಾದ ಕಾರ್ಖಾನೆಯಿಂದ ಬರುತ್ತವೆ. ಹೀಗಾಗಿ ಅನೇಕ ಊರುಗಳ ಅಟ್ಟಗಳಿಗೆ ಉಳಿದಿರುವುದು ಅಳತೆ ತೆಗೆಯುವುದು ಮತ್ತು ರಿಪೇರಿ. ಇದನ್ನು ಅವನತಿ ಎಂದು ಮರುಗುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಹೊಸ ಹಾಯಿಯನ್ನು ದೂರದ ಕಾರ್ಖಾನೆ ಕಳಿಸಬಹುದು. ಹರಿದ ಹಾಯಿಯನ್ನು ಅರ್ಥ ಮಾಡಿಕೊಳ್ಳಲು ಅದೇ ಬಂದರಿನಲ್ಲಿ, ಅದೇ ಗಾಳಿ ಬಲ್ಲ ಒಬ್ಬರು ಬೇಕೇ ಬೇಕು. ಎಲ್ಲಿ ಹರಿಯಿತು ಎಂಬುದರಿಂದ ಏಕೆ ಹರಿಯಿತು ಎಂದು ಹೇಳಬಲ್ಲವರಿಗೇ ಮುಂದಿನ ಹಾಯಿಯನ್ನು ಇನ್ನೂ ಚೆನ್ನಾಗಿ ಕತ್ತರಿಸಲು ಬರುವುದು. ಕಸುಬಿನ ಬುದ್ಧಿ ಉಳಿಯುವುದು ರಿಪೇರಿಯಲ್ಲಿ.

ನಮ್ಮ ಕಡಲಿನ ಹಾಯಿ

ನಮ್ಮ ಕರಾವಳಿಗೂ ಇದು ಹೊರಗಿನ ವಿಷಯವಲ್ಲ. ಬಾಸೆಲ್ ಮಿಷನ್ 1865ರಲ್ಲಿ ಕಾರ್ಖಾನೆ ಹಾಕಿದ ಮೇಲೆ ಮಂಗಳೂರಿನ ಹೆಂಚು ಮುಂಬಯಿಗೆ ಹೋಗುತ್ತಿದ್ದುದು ಹಾಯಿಹಡಗುಗಳಲ್ಲಿ. ಪತ್ತೇಮಾರಿ, ಮಂಜಿ ಎಂಬ ಈ ಹಡಗುಗಳ ಓರೆ ಮರಕ್ಕೆ ಕಟ್ಟಿದ ದೊಡ್ಡ ಹಾಯಿಗಳು 20ನೇ ಶತಮಾನದ ನಡುಭಾಗ ದಾಟಿದ ಮೇಲೂ ಈ ಕಡಲಲ್ಲಿ ಕಾಣುತ್ತಿದ್ದವು. ಆಮೇಲೆ ಎಂಜಿನ್ ಬಂತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳು ಈಗಲೂ ಇವೆ, ಓಡುವುದು ಡೀಸೆಲ್ಲಿನಲ್ಲಿ.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಐಎನ್‌ಎಸ್‌ವಿ ಕೌಂಡಿನ್ಯ’ ನೌಕಾಪಡೆಗೆ ಸೇರಿತು. ಅಜಂತಾದ ಭಿತ್ತಿಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಮೊಳೆಯ ಬದಲು ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟಿದ ಹಡಗು. ಅದರ ಚೌಕ ಹಾಯಿಗಳ ಮೇಲೆ ಸೂರ್ಯನ ಜೊತೆಗೆ ನಮಗೆ ಚಿರಪರಿಚಿತವಾದ ಗಂಡಭೇರುಂಡವಿದೆ. ಹಲಗೆ ಹೊಲಿಯುವ ವಿದ್ಯೆ ಕೇರಳದ ಹಳೆಯ ಕುಶಲಕರ್ಮಿಗಳ ಕೈಯಲ್ಲಿ ಇನ್ನೂ ಉಳಿದಿದ್ದರಿಂದ ಆ ಹಡಗು ಸಾಧ್ಯವಾಯಿತು. ಕೈಗಳು ಉಳಿಯದಿದ್ದರೆ ಚಿತ್ರವೊಂದೇ ಸಾಲುತ್ತಿರಲಿಲ್ಲ.

ಪತ್ತೇಮಾರಿಯ ಹಾಯಿ ಕತ್ತರಿಸಿದ ಕೈಗಳ ವಿಷಯಕ್ಕೂ ಈ ಮಾತು ಸಲ್ಲುತ್ತದೆ. ಕಾರವಾರ, ತದಡಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆಗಳಲ್ಲಿ ಹುಡುಗರಾಗಿದ್ದಾಗ ಹಾಯಿ ಹೊಲಿಯುವುದನ್ನು ಕಂಡವರು, ದಾರಕ್ಕೆ ಮೇಣ ತಿಕ್ಕಿಕೊಟ್ಟವರು ಇದ್ದರೆ ಈಗ ಮುಪ್ಪಿನಲ್ಲಿರುತ್ತಾರೆ. ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಅಂಥ ಅಜ್ಜಂದಿರಿದ್ದರೆ ಈ ಭಾನುವಾರ ಹೋಗಿ ಮಾತಾಡಿಸಿ. ಬಟ್ಟೆ ಎಲ್ಲಿಂದ ಬರುತ್ತಿತ್ತು, ಅಳತೆ ಮೊಳದಲ್ಲೋ ಅಡಿಯಲ್ಲೋ, ಉಬ್ಬಿಗೆಂದು ಎಷ್ಟು ಬಿಡುತ್ತಿದ್ದರು, ಮಳೆಗಾಲದಲ್ಲಿ ಹಾಯಿಯನ್ನು ಎಲ್ಲಿಡುತ್ತಿದ್ದರು ಎಂದು ಕೇಳಿ. ಫೋನಿನಲ್ಲಿ ಧ್ವನಿ ಹಿಡಿದಿಡಿ, ಅವರು ನೆಲದ ಮೇಲೆ ಗೆರೆ ಎಳೆದು ತೋರಿಸಿದರೆ ಅದರ ಫೋಟೊ ತೆಗೆಯಿರಿ. ಮುಂದೆಂದಾದರೂ ನಮ್ಮ ಕಡಲಿನ ಹಡಗೊಂದಕ್ಕೆ ಹಾಯಿ ಹೊಲಿಯಬೇಕಾಗಿ ಬಂದಾಗ ಬೇಕಾಗುವುದು ಈ ಅಳತೆಗಳೇ.